ಸೋರಿಕೆ ಹುಡುಕದೆ ಗ್ಯಾಸ್ ತುಂಬಬೇಡಿ

ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿತೆಂದರೆ ನನ್ನ ಕಾರ್ ಎಸಿ ರಿಪೇರಿ ಅಂಗಡಿ ಮುಂದೆ ಗಾಡಿಗಳು ಸಾಲುಗಟ್ಟುತ್ತವೆ. ಟ್ಯಾಕ್ಸಿಯವರಿರಲಿ, ಮನೆ ಗಾಡಿಯವರಿರಲಿ, ಹೆಚ್ಚಿನವರದು ಒಂದೇ ಮಾತು: “ಅಣ್ಣಾ, ಗ್ಯಾಸ್ ಖಾಲಿ ಆಗ್ಯದ. ಹಾಕಿ ಕೊಡ್ರಿ, ಲಗೂ ಹೋಗಬೇಕು.”

ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವಂಥದ್ದಲ್ಲ. ಕಂಪ್ರೆಸರ್, ಕಂಡೆನ್ಸರ್, ಕೂಲಿಂಗ್ ಕಾಯಿಲ್‌ಗಳಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ರಬ್ಬರ್ ಪೈಪುಗಳಿಂದ ವರ್ಷಗಳ ಮೇಲೆ ತುಸು ಜಿನುಗುವುದು ಸಹಜ. ಆದರೆ ಹೋದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಇಲ್ಲವೆಂದರೆ ಎಲ್ಲೋ ಸೋರುತ್ತಿದೆ. ಅದನ್ನು ಹುಡುಕದೆ ಮತ್ತೆ ತುಂಬುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ನಮ್ಮ ಕಸುಬಿನವರು ಈ ಕೆಲಸ ನಿಲ್ಲಿಸಬೇಕು, ಗಿರಾಕಿಗಳೂ ಇದನ್ನು ಕೇಳಬಾರದು.

ಎಷ್ಟೋ ಗಾಡಿಗಳಲ್ಲಿ ಗ್ಯಾಸ್ ಸರಿಯಾಗಿಯೇ ಇರುತ್ತದೆ. ನಮ್ಮ ಕಡೆಯ ಧೂಳು ಕಂಡೆನ್ಸರಿನ ಸಂದಿಗಳಲ್ಲಿ ಮೆತ್ತಿಕೊಂಡಿರುತ್ತದೆ, ಇಲ್ಲವೇ ಅದರ ಫ್ಯಾನ್ ತಿರುಗುತ್ತಿರುವುದಿಲ್ಲ, ಕ್ಯಾಬಿನ್ ಫಿಲ್ಟರ್ ಕಟ್ಟಿರುತ್ತದೆ. ಅಂಥ ಗಾಡಿಗೆ ಇನ್ನಷ್ಟು ಗ್ಯಾಸ್ ತುರುಕಿದರೆ ಒತ್ತಡ ಏರಿ ಕಂಪ್ರೆಸರಿಗೇ ಪೆಟ್ಟು.

ನಿಜವಾಗಿ ಕಡಿಮೆಯಾಗಿದ್ದರೆ ಮೊದಲು ಎಣ್ಣೆ ಜಿಡ್ಡು ನೋಡಬೇಕು. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುವುದರಿಂದ ಸೋರಿದ ಕಡೆ ಧೂಳು ಅಂಟಿ ಕಪ್ಪಗೆ ಕಾಣುತ್ತದೆ. ಜಿಡ್ಡು ಕಾಣದಿದ್ದರೆ ಉಳಿದ ಗ್ಯಾಸ್ ತೆಗೆದು, ನೈಟ್ರೋಜನ್ ಒತ್ತಿ, ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ಕಾಯಬೇಕು. ಕಲ್ಲು ಬಡಿದ ಕಂಡೆನ್ಸರ್, ಒಣಗಿದ ಓ-ರಿಂಗ್, ಕಂಪ್ರೆಸರಿನ ಮುಂದಿನ ಸೀಲ್, ಗ್ಯಾಸ್ ತುಂಬುವ ಬಾಯಿಯ ಸಣ್ಣ ವಾಲ್ವ್, ಕಳ್ಳ ಸಾಮಾನ್ಯವಾಗಿ ಇಲ್ಲೇ ಸಿಗುತ್ತಾನೆ. ಕೂಲಿಂಗ್ ಕಾಯಿಲ್ ತೂತಾಗಿದ್ದರೆ ಮಾತ್ರ ಕಷ್ಟ. ಬಹಳಷ್ಟು ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಸೋರಿಕೆ ಮುಚ್ಚಿದ ಮೇಲೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಹಾಕಬೇಕು. ಒಳಗೆ ತೇವ ಉಳಿದರೆ ಎಣ್ಣೆಯೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಆಮೇಲೆ ಬಾನೆಟ್ ಕೆಳಗಿನ ಸ್ಟಿಕರಿನಲ್ಲಿ ಬರೆದಷ್ಟೇ ಗ್ರಾಂ, ತಕ್ಕಡಿಯಲ್ಲಿ ತೂಗಿ. ಗೇಜ್ ಮುಳ್ಳು ನೋಡಿ ಅಂದಾಜಿನಲ್ಲಿ ತುಂಬುವುದನ್ನು ನಾನು ಕೆಲಸ ಎನ್ನುವುದಿಲ್ಲ.

ಇದು ಬರೀ ಗಿರಾಕಿಯ ದುಡ್ಡಿನ ಪ್ರಶ್ನೆಯಲ್ಲ. ಹಿಂದೆ ಕಾರುಗಳಲ್ಲಿದ್ದ ಆರ್-12 ಓಜೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದು ಹೋಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ಕೆಡುಕು ಮಾಡದಿದ್ದರೂ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಕನಿಷ್ಠ 1,300 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಸಣ್ಣ ಕಾರಿನ 450 ಗ್ರಾಂ ಗ್ಯಾಸ್ ಗಾಳಿಗೆ ಹೋದರೆ, ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರು 3,500 ಕಿಲೋಮೀಟರಿಗೂ ಹೆಚ್ಚು ಓಡಿ ಬಿಡುವ ಹೊಗೆಗೆ ಸಮ. ಇಂಥ ಗ್ಯಾಸುಗಳನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿದೆ, ಆದರೆ ಬಳಕೆ ಇಳಿಸುವುದು ಶುರುವಾಗುವುದು 2032ರಿಂದ. ಅಲ್ಲಿಯವರೆಗೆ ಸೋರುವುದನ್ನು ತಡೆಯುವುದು ನಮ್ಮಂಥ ಅಂಗಡಿಯವರ ಕೈಯಲ್ಲಿದೆ.

ಉಳಿದ ಗ್ಯಾಸನ್ನು ವಾಲ್ವ್ ಒತ್ತಿ ಬುಸ್ ಎಂದು ಗಾಳಿಗೆ ಬಿಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅದನ್ನು ಹೀರಿ ಸಿಲಿಂಡರಿಗೆ ತುಂಬುವ ರಿಕವರಿ ಮಷೀನ್ ಇದೆ. ಸಣ್ಣ ಅಂಗಡಿಗೆ ಅದು ಭಾರಿ ಖರ್ಚು. ಸರ್ಕಾರ ಇದಕ್ಕೆ ಕಡಿಮೆ ಬಡ್ಡಿಯ ಸಾಲ ಕೊಡಲಿ, ಅದನ್ನು ಬಳಸುವುದನ್ನು ಐಟಿಐ ಹುಡುಗರಿಗೆ ಕೈಯಾರೆ ಕಲಿಸಲಿ. ಗಿರಾಕಿಗಳು ಸೋರಿಕೆ ಹುಡುಕಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಲಿ. ಆ ಕೂಲಿ ಹುಟ್ಟದ ಕಾರಣಕ್ಕೇ ಬಹಳ ಮಂದಿ ಹುಡುಕುವ ಗೋಜಿಗೆ ಹೋಗುವುದಿಲ್ಲ. ಸೋರಿಕೆ ಎಲ್ಲಿತ್ತು, ಎಷ್ಟು ಗ್ರಾಂ ತುಂಬಿದರು, ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಬಾನೆಟ್ ತೆರೆಸಬೇಡಿ.