ಕಾರು ಸರಿಸಿ ದಾರಿ ಬಿಡಬೇಕೇ?

ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ರಸ್ತೆ ಬದಿಯ ಕಾರು ನಿಲುಗಡೆ ತೆಗೆದು, ಆ ಜಾಗವನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಕೊಡಬೇಕೇ? ಎಚ್‌ಎಸ್‌ಆರ್ ಬಡಾವಣೆಯ ಇಬ್ಬರು ಹಳೆಯ ನಿವಾಸಿಗಳು ಇಲ್ಲಿ ಎದುರುಬದುರಾಗಿದ್ದಾರೆ.

ಪರ: ನಡೆಯುವವರು ಆಗಲೇ ಇದ್ದಾರೆ

‘ಇಲ್ಲಿ ನಡೆಯೋರು ಯಾರಿದಾರ್ರೀ?’ ಬಡಾವಣೆಯ ಸಭೆಯಲ್ಲಿ ಫುಟ್‌ಪಾತಿನ ಮಾತೆತ್ತಿದ ಕೂಡಲೇ ಬರುವ ಪ್ರಶ್ನೆ ಇದು. ಕೇಳುವವರು ಒಮ್ಮೆ ಬೆಳಗ್ಗೆ ಆರೂವರೆಗೆ ಸೋಮಸಂದ್ರಪಾಳ್ಯ, ಮಂಗಮ್ಮನಪಾಳ್ಯದ ಕಡೆಯ ರಸ್ತೆಯಲ್ಲಿ ನಿಂತು ನೋಡಬೇಕು. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸರು, ರಾತ್ರಿ ಪಾಳಿ ಮುಗಿಸಿದ ಸೆಕ್ಯೂರಿಟಿಯವರು, ಗಾರೆ ಕೆಲಸದವರು, ಪೌರಕಾರ್ಮಿಕರು. ಬಡಾವಣೆ ಎದ್ದು ಕಾಫಿ ಕುಡಿಯುವುದರೊಳಗೆ ಅದರ ಕೆಲಸಕ್ಕೆ ಬೇಕಾದವರೆಲ್ಲ ನಡೆದೇ ಬಂದಿರುತ್ತಾರೆ. ಅವರು ನಡೆಯುವುದು ಡಾಂಬರಿನ ಮೇಲೆ, ನಿಂತ ಕಾರಿಗೂ ಓಡುವ ಬೈಕಿಗೂ ನಡುವೆ. ಆಗರ ಕೆರೆಯ ಸುತ್ತ ಒಳ್ಳೆಯ ನಡಿಗೆಪಥ ಇದೆ, ನಿಜ. ಅಲ್ಲಿಗೆ ವಾಕಿಂಗಿಗೆಂದು ಕಾರಿನಲ್ಲಿ ಹೋಗುವವರನ್ನು ನಾನು ದಿನವೂ ನೋಡುತ್ತೇನೆ. ತಪ್ಪು ಅವರದಲ್ಲ. ಮನೆಯಿಂದ ಕೆರೆಯವರೆಗಿನ ದಾರಿಯೇ ಹಾಗಿದೆ.

ನಮ್ಮ ಫುಟ್‌ಪಾತ್ ಎಂಬುದು ಅಸಲಿಗೆ ಚರಂಡಿಯ ಮುಚ್ಚಳ. ಮೇಲೆ ಹಾಸಿದ ಚಪ್ಪಡಿ ಒಂದೊಂದು ಒಂದೊಂದು ಎತ್ತರದಲ್ಲಿ. ಮಧ್ಯೆ ಟ್ರಾನ್ಸ್‌ಫಾರ್ಮರಿನ ಕಂಬ, ಕೇಬಲ್ಲಿನ ಸುರುಳಿ, ಯಾವನೋ ಮನೆ ಕಟ್ಟಿ ಉಳಿಸಿಹೋದ ಜಲ್ಲಿ. ಇದನ್ನೆಲ್ಲ ಹೇಗೋ ದಾಟಿದರೆ ಗೇಟಿನ ರ‍್ಯಾಂಪು. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಮೇಲೇಳುತ್ತದೆ, ಮಳೆನೀರು ಒಳಗೆ ನುಗ್ಗೀತೆಂದು ಮನೆಯವರು ಪಾಯ ಏರಿಸುತ್ತಾರೆ, ಕಾರು ಹತ್ತಲು ಕಾಂಪೌಂಡಿನ ಹೊರಗೆ ಇಳಿಜಾರು ಹಾಕಿಸುತ್ತಾರೆ. ಆ ಇಳಿಜಾರು ಕಾಂಪೌಂಡಿನ ಒಳಗಿರಬೇಕು, ಫುಟ್‌ಪಾತು ಗೇಟಿನ ಮುಂದೂ ಒಂದೇ ಮಟ್ಟದಲ್ಲಿ ಸಾಗಬೇಕು. ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ವಸತಿ ಪ್ರದೇಶದಲ್ಲೂ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕು, ಎತ್ತರ 150 ಮಿಲಿಮೀಟರ್ ಮೀರಬಾರದು ಎಂದಿದೆ. ಆರು ಅಂಗುಲ. ಮಂಡಿ ನೋವಿನವರೂ ಹತ್ತಬಹುದಾದಷ್ಟು.

ಜಾಗ ಎಲ್ಲಿದೆ ಎನ್ನುತ್ತೀರಾ? ಟೇಪು ಹಿಡಿಯೋಣ. 60 ಅಡಿ ರಸ್ತೆ ಎಂದರೆ 18.3 ಮೀಟರ್. ಎರಡು ಬದಿ ಎರಡೂವರೆ ಮೀಟರಿನ ಫುಟ್‌ಪಾತ್, ಎರಡು ಬದಿ ಎರಡೆರಡು ಮೀಟರಿನ ಸೈಕಲ್ ಪಥ, ನಡುವೆ ವಾಹನಗಳಿಗೆ ಏಳು ಮೀಟರ್. ಇನ್ನೂ ಎರಡು ಮೀಟರ್ ಮಿಕ್ಕುತ್ತದೆ. ಬಸ್ ತಂಗುದಾಣಕ್ಕೋ ಆಟೋ ನಿಲ್ದಾಣಕ್ಕೋ ಆಯಿತು. 40 ಅಡಿಯ ರಸ್ತೆಯಲ್ಲಿ ಎರಡೂ ಬದಿ ಫುಟ್‌ಪಾತ್ ಮಾಡಿ ಒಂದು ಬದಿ ಕಾರು ನಿಲ್ಲಿಸಬಹುದು, ಎರಡು ಬದಿ ಆಗದು. 30 ಅಡಿಯಲ್ಲಿ ಫುಟ್‌ಪಾತಿಗೆ ಬಿಟ್ಟರೆ ಐದೂವರೆ ಮೀಟರ್ ಉಳಿಯುತ್ತದೆ, ಕಾರಿಗೆ ಎದುರು ಕಾರು ನಿಧಾನವಾಗಿ ಹಾದುಹೋಗಲು ಅಷ್ಟು ಸಾಕು. ಅಲ್ಲಿ ನಿಲ್ಲಿಸಲು ಮಾತ್ರ ಜಾಗವಿಲ್ಲ. ಹಾಗಾಗಿ ಜಗಳ ಇರುವುದು ಅಗಲದ ಬಗ್ಗೆ ಅಲ್ಲ, ನಿಂತ ಕಾರಿನ ಬಗ್ಗೆ.

ಒಂದು ಕಾರು ನಿಲ್ಲಲು ಹನ್ನೆರಡು ಚದರ ಮೀಟರ್ ಬೇಕು, ಎಂದರೆ 30–40ರ ಸೈಟಿನಲ್ಲಿ ಒಂಬತ್ತನೇ ಒಂದು ಪಾಲು. ಈ ಬಡಾವಣೆಯಲ್ಲಿ ಸೈಟಿನ ಬೆಲೆ ಗೊತ್ತಿದ್ದವರು ಆ ಲೆಕ್ಕ ತಾವೇ ಹಾಕಿಕೊಳ್ಳಲಿ. ಅಷ್ಟು ಬೆಲೆಯ ಸಾರ್ವಜನಿಕ ಜಾಗವನ್ನು ನಯಾಪೈಸೆ ಕೊಡದೆ ಹಗಲುರಾತ್ರಿ ಬಳಸುತ್ತೇವೆ. ತಳ್ಳುಗಾಡಿಯ ಸೊಪ್ಪಿನವಳು ಅದೇ ಜಾಗದಲ್ಲಿ ಒಂದು ಗಂಟೆ ನಿಂತರೆ ‘ಅತಿಕ್ರಮಣ’ ಎನ್ನುತ್ತೇವೆ. 2021ರಲ್ಲಿ ಸರ್ಕಾರ ಒಪ್ಪಿದ ಪಾರ್ಕಿಂಗ್ ನೀತಿಯಲ್ಲಿ ಮನೆ ಮುಂದೆ ರಸ್ತೆಯಲ್ಲಿ ನಿಲ್ಲಿಸುವವರಿಗೆ ವಾರ್ಷಿಕ ಪರ್ಮಿಟ್, ಅದಕ್ಕೆ ಶುಲ್ಕ ಎಂಬ ಮಾತಿತ್ತು. ಮಾತು ಕಾಗದದ ಮೇಲೆ ಉಳಿಯಿತು.

ಸೈಕಲ್ಲಿನ ವಿಷಯಕ್ಕೆ ಬರುತ್ತೇನೆ. 2025ರ ಆಗಸ್ಟಿನಲ್ಲಿ ಮೆಟ್ರೊ ಹಳದಿ ಮಾರ್ಗ ಶುರುವಾಗಿ, ಸಿಲ್ಕ್ ಬೋರ್ಡಿನಲ್ಲಿ ನಿಲ್ದಾಣ ಬಂತು. ಹೊರವರ್ತುಲ ರಸ್ತೆಯ ನೀಲಿ ಮಾರ್ಗ ಮುಗಿದರೆ ನಮ್ಮ ಅಂಚಿನಲ್ಲೇ ಇನ್ನೆರಡು ನಿಲ್ದಾಣ. ಬಡಾವಣೆಯ ನಡುಮಧ್ಯದಿಂದ ಸಿಲ್ಕ್ ಬೋರ್ಡಿಗೆ ಸುಮಾರು ಮೂರು ಕಿಲೋಮೀಟರ್. ನಡೆದರೆ ಮುಕ್ಕಾಲು ಗಂಟೆ, ಆಟೋದವರು ಬರುವುದಿಲ್ಲ ಎನ್ನುವ ದೂರ, ಸೈಕಲ್ಲಿಗಾದರೆ ಹದಿನೈದು ನಿಮಿಷದ ದಾರಿ. ದಾರಿ ಇಲ್ಲದ್ದರಿಂದ ಜನ ಬೈಕು ತೆಗೆಯುತ್ತಾರೆ, ಬೈಕು ತೆಗೆದವರು ಮೆಟ್ರೊವರೆಗೆ ಮಾತ್ರ ಯಾಕೆ ಹೋಗುತ್ತಾರೆ? ಆಫೀಸಿಗೇ ಹೋಗಿಬಿಡುತ್ತಾರೆ. ಇದೇ ರಾಜ್ಯ 2006–07ರಿಂದ ಎಂಟನೇ ತರಗತಿಯ ಸರ್ಕಾರಿ ಶಾಲೆ ಮಕ್ಕಳ ಕೈಗೆ ಸೈಕಲ್ ಕೊಟ್ಟಿತು, ಹಳ್ಳಿಯ ಹುಡುಗಿಯರು ಹೈಸ್ಕೂಲು ಮುಟ್ಟಿದ್ದು ಅದರ ಮೇಲೆ. ನಮ್ಮ ಮಕ್ಕಳ ಸೈಕಲ್ಲು ಹುಟ್ಟುಹಬ್ಬಕ್ಕೆ ಬಂದು ಬೇಸ್‌ಮೆಂಟಿನಲ್ಲಿ ಗಾಳಿ ಹೋಗಿ ನಿಂತಿದೆ.

ಮಕ್ಕಳನ್ನು ರಸ್ತೆಗಿಳಿಸಲು ಹೆತ್ತವರಿಗೆ ಭಯ. ಆ ಭಯ ಸುಳ್ಳಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅವರಲ್ಲಿ 32,825 ಜನ ಪಾದಚಾರಿಗಳು. ಐವರಲ್ಲಿ ಒಬ್ಬರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತಿನಲ್ಲಿ ನಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಕಾರು ನಿಲ್ಲಿಸುವ ಹಕ್ಕಿನ ಬಗ್ಗೆ ಅಂಥ ಮಾತನ್ನು ಯಾವ ಕೋರ್ಟೂ ಆಡಿದ್ದು ನಾನು ಕೇಳಿಲ್ಲ.

ವಿರೋಧ: ಬಣ್ಣ ಬಳಿದ ಪಥ ಯಾರಿಗೂ ಬೇಡ

ಮೇಡಂ ಟೇಪು ಹಿಡಿದು ಅಳೆದಿದ್ದಾರೆ, ಲೆಕ್ಕ ಸರಿಯಾಗೇ ಇದೆ. ಆದರೆ ಅವರು ಅಳೆದದ್ದು ನಕ್ಷೆಯ ರಸ್ತೆ. ನಾವು ಬದುಕುತ್ತಿರುವ ರಸ್ತೆಯಲ್ಲಿ ಹೊಂಗೆ ಮರ ನಿಂತಿದೆ, ಮಳೆನೀರು ನಿಂತಿದೆ, ಬಾಡಿಗೆಯವರ ಕಾರು ನಿಂತಿದೆ.

ಮೊದಲು ಆ ಕಾರಿನ ವಿಷಯ. ಸ್ವಂತ ಮನೆಯವರ ಕಾರು ಬಹುಪಾಲು ಗೇಟಿನ ಒಳಗೇ ಇರುತ್ತದೆ. ಬೀದಿಯಲ್ಲಿ ನಿಂತಿರುವುದು ಮೇಲಿನ ಮೂರು ಮಹಡಿಗಳ ಬಾಡಿಗೆದಾರರದ್ದು. 30–40ರ ಸೈಟಿನಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ, ಕಾರಿಗೆಂದು ನಕ್ಷೆಯಲ್ಲಿ ತೋರಿಸಿದ ನೆಲಮಹಡಿಯಲ್ಲಿ ಅಂಗಡಿಯನ್ನೋ ಪಿ.ಜಿ.ಯ ಅಡುಗೆಮನೆಯನ್ನೋ ಮಾಡಿದವರು ಯಾರು? ನಾವೇ, ಸೈಟಿನ ಒಡೆಯರು. ಬಾಡಿಗೆ ಎಣಿಸುವುದು ನಾವು, ಪಾರ್ಕಿಂಗ್ ತೆಗೆದರೆ ದಂಡ ಕಟ್ಟುವುದು ಬಾಡಿಗೆದಾರ. ಮೊದಲು ಆ ನೆಲಮಹಡಿಗಳನ್ನು ಬಿಡಿಸಿ, ಆಮೇಲೆ ಬೀದಿಗೆ ಬನ್ನಿ. ಈ ಕ್ರಮ ತಿರುಗಿಸಿದರೆ ಇಲ್ಲಿ ಓಡಿಸಿದ ಕಾರು ಪಕ್ಕದ ಕ್ರಾಸಿಗೆ ಹೋಗುತ್ತದೆ, ಅಲ್ಲಿಂದ ಪಾಳ್ಯದ ಇಪ್ಪತ್ತಡಿ ಗಲ್ಲಿಗೆ. ನಮ್ಮ ಅಂದದ ಖರ್ಚನ್ನು ಹಳ್ಳಿಯವರ ತಲೆಗೆ ಕಟ್ಟಿದಂತಾಯಿತು.

ಇನ್ನು ಸೈಕಲ್ ಪಥ. ಬೆಂಗಳೂರು ಇದನ್ನು ಮಾಡದೆ ಬಿಟ್ಟಿಲ್ಲ. 2012ರ ಸುಮಾರಿಗೆ ಜಯನಗರದಲ್ಲಿ ಪಥಗಳಾದವು, ವರ್ಷ ತಿರುಗುವುದರೊಳಗೆ ಅವು ಸುಸಜ್ಜಿತ ಪಾರ್ಕಿಂಗ್ ತಾಣಗಳಾದವು. 2020ರಲ್ಲಿ ನಮ್ಮ ಅಂಚಿನಲ್ಲೇ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಲೌರಿ ಜಂಕ್ಷನ್‌ವರೆಗೆ 17 ಕಿಲೋಮೀಟರಿನ ತಾತ್ಕಾಲಿಕ ಪಥಕ್ಕೆ ಕೈಹಾಕಿದರು. ಪ್ಲಾಸ್ಟಿಕ್ ಕಂಬಗಳ ಒಳಗೆ ಬೈಕುಗಳು ನುಗ್ಗಿದವು, ಕಂಬಗಳು ಮುರಿದವು, ಆಮೇಲೆ ಮೆಟ್ರೊ ಕಾಮಗಾರಿ ಬಂದು ಮಿಕ್ಕದ್ದನ್ನೂ ನುಂಗಿತು. ಮೈಸೂರಿನ ಟ್ರಿಣ್ ಟ್ರಿಣ್ ಉದಾಹರಣೆ ಕೊಡುವವರಿದ್ದಾರೆ. 2017ರಲ್ಲಿ ಅಲ್ಲಿ 450 ಸೈಕಲ್ಲುಗಳಿಂದ ಬಾಡಿಗೆ ಯೋಜನೆ ಶುರುವಾಯಿತು, ಚೆನ್ನಾಗಿ ಓಡಿದ್ದೂ ಹೌದು. ಆದರೆ ಅಲ್ಲಿ ಮೊದಲು ಬಂದದ್ದು ಪಥವಲ್ಲ, ಸೈಕಲ್ಲು. ನಿಧಾನವಾದ ಊರು ಸೈಕಲ್ಲಿಗೆ ತಾನಾಗಿ ಜಾಗ ಬಿಡುತ್ತದೆ.

ನನ್ನ ಮುಖ್ಯ ತಕರಾರು ಇದೇ ಜಾಗದಲ್ಲಿದೆ. ಪಥ ಎಳೆದೊಡನೆ ಒಂದು ಒಪ್ಪಂದ ಬರೆದ ಹಾಗೆ ಆಗುತ್ತದೆ: ಈ ಎರಡು ಮೀಟರ್ ನಿನ್ನದು, ಮಿಕ್ಕದ್ದೆಲ್ಲ ನನ್ನದು, ನಾನು ಎಷ್ಟು ಜೋರಾದರೂ ಹೋಗುತ್ತೇನೆ. ನಮ್ಮ 30 ಅಡಿ ಕ್ರಾಸುಗಳಲ್ಲಿ ಮಕ್ಕಳು ಈಗಲೂ ನಡುರಸ್ತೆಯಲ್ಲಿ ಶಟಲ್ ಆಡುತ್ತಾರೆ, ಅಜ್ಜಂದಿರು ನಡುರಸ್ತೆಯಲ್ಲೇ ನಿಂತು ರಾಜಕೀಯ ಮಾತಾಡುತ್ತಾರೆ. ಅದು ಸರಿಯಾದ ಬಳಕೆ. ಅವರನ್ನು ಫುಟ್‌ಪಾತಿಗೆ ಅಟ್ಟುವುದು ಸುಧಾರಣೆಯಲ್ಲ. ಬೀದಿಯನ್ನು ಕೆಡಿಸುತ್ತಿರುವುದು ಇಲ್ಲಿಯವರ ಕಾರೂ ಅಲ್ಲ, ಸರ್ಜಾಪುರ ರಸ್ತೆಯ ಜಾಮ್ ತಪ್ಪಿಸಲು ಫೋನಿನ ಮ್ಯಾಪು ನೋಡಿಕೊಂಡು ಒಳದಾರಿಗೆ ನುಗ್ಗುವ ಹೊರಗಿನ ವಾಹನ. ಅದನ್ನು ತಡೆಯಿರಿ. ಆಯ್ದ ಕ್ರಾಸುಗಳ ಒಂದು ತುದಿಯಲ್ಲಿ ಸೈಕಲ್ಲೂ ಕಾಲ್ನಡಿಗೆಯೂ ದಾಟುವಂತೆ, ಕಾರು ದಾಟದಂತೆ ಗಿಡದ ಕುಂಡವಿಡಿ. ಆಂಬುಲೆನ್ಸಿಗೆ ತೆಗೆಯಬಹುದಾದ ಕಂಬವಿರಲಿ. ಕ್ರಾಸಿನ ಬಾಯಿಯನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿ, ವಾಹನವೇ ಹತ್ತಿ ಇಳಿಯಲಿ. ಗಂಟೆಗೆ 30 ಕಿಲೋಮೀಟರ್ ಮೀರದ ಬೀದಿಯಲ್ಲಿ ತಗುಲಿದರೂ ಬದುಕುಳಿಯುವವರೇ ಹೆಚ್ಚು. 2020ರ ಸ್ಟಾಕ್‌ಹೋಮ್ ಘೋಷಣೆಯೂ ಜನ ಮತ್ತು ವಾಹನ ಬೆರೆಯುವಲ್ಲಿ ಈ ಮಿತಿಯನ್ನೇ ಕೇಳಿತು. ಒಂದು ಕಾರನ್ನೂ ಎತ್ತಿ ಸಾಗಿಸದೆ ಇಷ್ಟು ಆಗುತ್ತದೆ.

ಫುಟ್‌ಪಾತನ್ನು ಚರಂಡಿಯ ಮುಚ್ಚಳ ಎಂದು ಮೇಡಂ ನಗೆಯಾಡಿದರು. 2022ರ ಸೆಪ್ಟೆಂಬರಿನ ಮಳೆಯಲ್ಲಿ 6 ಮತ್ತು 7ನೇ ಸೆಕ್ಟರಿನವರು ನಗಲಿಲ್ಲ. ಆ ಚಪ್ಪಡಿ ಎತ್ತಿ ಹೂಳು ತೆಗೆಯಬೇಕು, ಪ್ರತಿ ವರ್ಷ. ಅದರ ಮೇಲೆ ಸಿಮೆಂಟು ಹಾಕಿ ನುಣುಪಾದ ಟೈಲ್ಸ್ ಕೂರಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ, ನೀರು ಮನೆಯೊಳಗೆ ಬರುತ್ತದೆ. ಫುಟ್‌ಪಾತ್ ಕಾಮಗಾರಿಯಲ್ಲಿ ಮರದ ಬುಡಕ್ಕೆ ಕತ್ತಿನವರೆಗೂ ಕಾಂಕ್ರೀಟು ತುಂಬುವುದು, ಬೇರು ಕಡಿಯುವುದು, ಮುಂದಿನ ಮೇ ತಿಂಗಳ ಗಾಳಿಗೆ ಅದೇ ಮರ ಬೀಳುವುದು ಈ ನಗರಕ್ಕೆ ಹೊಸದಲ್ಲ. ಮತ್ತು ಆ ಸೊಪ್ಪಿನವಳು? ‘ಸುಂದರ’ ಫುಟ್‌ಪಾತ್ ಆದಲ್ಲೆಲ್ಲ ಮೊದಲು ಎತ್ತಂಗಡಿಯಾಗುವವಳು ಅವಳೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವಳ ಪರ ಇದೆ, ಗುತ್ತಿಗೆದಾರನ ನಕ್ಷೆಯಲ್ಲಿ ಅವಳಿಲ್ಲ.

ಪರ, ಮತ್ತೊಮ್ಮೆ

ಸಾರ್ ಕ್ರಾಸುಗಳ ಬಗ್ಗೆ ಹೇಳಿದ್ದಕ್ಕೆ ನನ್ನ ಸಹಿ ಇದೆ. 30 ಅಡಿ ಬೀದಿಗೆ ಪಥ ಬೇಡ, ಕುಂಡ ಸಾಕು. ಆದರೆ ಅವರ ವಾದ ಕ್ರಾಸಿನಲ್ಲೇ ನಿಂತುಬಿಟ್ಟಿತು. ಮನೆಗೆಲಸದವಳು ಕ್ರಾಸಿನಲ್ಲಿ ಸಾಯುವುದಿಲ್ಲ. 27ನೇ ಮೇನಿನಲ್ಲಿ, ಹೊರವರ್ತುಲ ರಸ್ತೆಯ ಸರ್ವಿಸ್ ರೋಡಿನಲ್ಲಿ ಅವಳ ಜೀವಕ್ಕೆ ಸಂಚಕಾರ. ಅಲ್ಲಿ ಯಾವ ಬಾಡಿಗೆದಾರನ ಕಾರೂ ಇಲ್ಲ, ಹೋಟೆಲಿಗೂ ಪಬ್ಬಿಗೂ ಬಂದವರದ್ದಿದೆ. ಅದನ್ನು ತೆಗೆದರೆ ವ್ಯಾಪಾರ ಕೆಡುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. 2018ರಲ್ಲಿ ಕಲ್ಲು ಹಾಸಿ ಅಗಲ ಫುಟ್‌ಪಾತ್ ಮಾಡಿದ ಚರ್ಚ್ ಸ್ಟ್ರೀಟಿಗೆ ಒಂದು ಶನಿವಾರ ಸಂಜೆ ಹೋಗಿ, ಕಾಲಿಡಲು ಜಾಗ ಸಿಕ್ಕರೆ ಆಮೇಲೆ ಮಾತಾಡೋಣ.

ಚರಂಡಿ, ಕೇಬಲ್ಲು, ಪೈಪುಗಳ ಪ್ರಶ್ನೆಗೂ ಉತ್ತರ ಇದೇ ಊರಿನಲ್ಲಿದೆ. ರೆಸಿಡೆನ್ಸಿ ರಸ್ತೆಯಲ್ಲಿ, ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಟೆಂಡರ್‌ಶ್ಯೂರ್ ಎಂಬ ಯೋಜನೆಯಲ್ಲಿ ಅವನ್ನೆಲ್ಲ ಫುಟ್‌ಪಾತಿನ ಕೆಳಗೆ ಜೋಡಿಸಿ, ತೆರೆಯಲು ಕಿಂಡಿ ಬಿಟ್ಟು, ಮೇಲೆ ಮಟ್ಟವಾದ ದಾರಿ ಮಾಡಿದರು. ದುಬಾರಿ, ಒಪ್ಪಿದೆ. ಅದಕ್ಕೇ ಇಡೀ ಬಡಾವಣೆಗೆ ಕೇಳುತ್ತಿಲ್ಲ. 27ನೇ ಮೇನು, ಅಲ್ಲಿಂದ ಸಿಲ್ಕ್ ಬೋರ್ಡ್ ನಿಲ್ದಾಣದ ಮೆಟ್ಟಿಲವರೆಗೆ ಒಂದೇ ಒಂದು ತಡೆಯಿಲ್ಲದ ದಾರಿ. ಪ್ಲಾಸ್ಟಿಕ್ ಕಂಬ ಬೇಡ, ಬೈಕು ಹತ್ತಲಾಗದ ಕಲ್ಲಿನ ಅಂಚು ಬೇಕು. ಸೊಪ್ಪಿನವಳ ಗಾಡಿಗೆ ಮರದ ಸಾಲಿನಲ್ಲಿ ಜಾಗ ಗುರುತು ಮಾಡಿ ನಕ್ಷೆಯಲ್ಲೇ ಬರೆಯಿಸೋಣ, ಅದನ್ನು ಕೇಳಲು ಸಾರ್ ಕೂಡ ಬರಲಿ.

ವಿರೋಧ, ಕೊನೆಯ ಮಾತು

ಬರುತ್ತೇನೆ. ಗುತ್ತಿಗೆ ಪತ್ರದಲ್ಲಿ ಎರಡು ಷರತ್ತು ಇರಲಿ. ಮಳೆಗಾಲ ಮುಗಿಯುವ ತನಕ ಅಗೆಯುವಂತಿಲ್ಲ. ಪಥದ ಮೇಲೆ ನಿಂತ ಮೊದಲ ಕಾರನ್ನು ಎತ್ತಿಕೊಂಡು ಹೋಗುವ ಅಧಿಕಾರಿ ಯಾರು ಎಂಬುದು ಅವರ ಹುದ್ದೆ ಸಮೇತ ಬರೆದಿರಬೇಕು. ಎರಡನೆಯದಕ್ಕೆ ಉತ್ತರ ಸಿಗುವವರೆಗೆ ನನ್ನ ಮತ ವಿರೋಧಕ್ಕೇ.