ಬೀಗರು ಬಂದಾಗ ತಾಟು ಯಾವುದು, ಮುಸುರಿ ತಿಕ್ಕುವವರು ಯಾರು?

ಹೋದ ದೀಪಾವಳಿಗೆ ನಮ್ಮ ಮನೆಗೆ ಬೀಗರು ಬರುವವರಿದ್ದರು. ಒಟ್ಟು 14 ಮಂದಿ. ಹೋಳಿಗೆಗೆ ಬೇಳೆ ಬೇಯಲು ಇಟ್ಟಿದ್ದ ಅವ್ವ ನನ್ನ ಕೈಗೆ ನೂರರ ನೋಟು ಕೊಟ್ಟು, "ಗಂಗಾವತಿಗೆ ಹೊಂಟೀಯಲ್ಲ, ಬರೋವಾಗ ಒಂದು ಕಟ್ಟು ಊಟದ ಪ್ಲೇಟು ತಗೊಂಡು ಬಾ" ಅಂದಳು.

"ಹಿತ್ತಲದಾಗ ಬಾಳಿ ಐತಿ, ಅಟ್ಟದ ಮ್ಯಾಲ ಸ್ಟೀಲಿನ ತಾಟು ಅದಾವು. ಪ್ಲೇಟು ಯಾಕವ್ವಾ?" ಅಂದೆ. ಪತ್ರಿಕೋದ್ಯಮ ಓದಿ ಬಂದವನ ಗತ್ತು ದನಿಯಲ್ಲಿ ಇದ್ದಿರಬೇಕು.

ಅವ್ವ ತಿರುಗಿ ಸಹ ನೋಡಲಿಲ್ಲ. "ಮುಸುರಿ ತಿಕ್ಕಾಂವ ಯಾರು, ನೀನಾ?"

ನಾನು ಸುಮ್ಮನೆ ಹೋಗಿ ಪ್ಲೇಟು ತಂದೆ.

ಊಟ ಹೇಗಾಯಿತು ಅಂದರೆ, ಅನ್ನ ಸಾರು ಬಿದ್ದ ಕೂಡಲೇ ಪ್ಲೇಟು ನಡುವೆ ಬಾಗಿತು. ಹಿರಿಯ ಬೀಗರು ಎರಡೂ ಕೈಯಲ್ಲಿ ಅದನ್ನು ಹಿಡಿದು ಕುಳಿತರು. ತಿನ್ನಲು ಮೂರನೇ ಕೈ ಇರಲಿಲ್ಲ. ಇನ್ನೊಂದು ಪ್ಲೇಟು ಕೆಳಗೆ ಕೊಟ್ಟೆವು. ಮರುದಿನ ಮನೆ ಹಿಂದಿನ ತಿಪ್ಪೆಯಲ್ಲಿ ನಮ್ಮ ಆಕಳು ಆ ಎಂಜಲು ಪ್ಲೇಟುಗಳನ್ನೇ ಮೆಲ್ಲುತ್ತಿತ್ತು.

ಅಂಗಡಿಯವರು "ಇದು ಪೇಪರ್ ರೀ, ಪ್ಲಾಸ್ಟಿಕ್ ಅಲ್ಲ" ಅನ್ನುತ್ತಾರೆ. ನೀವೇ ಒಮ್ಮೆ ಪರೀಕ್ಷಿಸಿ. ಮೇಲ್ಭಾಗ ಹೊಳೆಯುವ ಪ್ಲೇಟನ್ನು ನೀರಲ್ಲಿ ನೆನೆಸಿ ನಿಧಾನ ಹರಿಯಿರಿ, ಬಹಳ ಸಲ ತೆಳ್ಳನೆಯ ಪೊರೆಯೊಂದು ಎದ್ದು ಬರುತ್ತದೆ. ಆ ಪೊರೆಯೇ ಪ್ಲಾಸ್ಟಿಕ್. ಸಾರು ಸೋರದಂತೆ ತಡೆಯುವುದು ಅದು, ದನದ ಹೊಟ್ಟೆಯಲ್ಲಿ ಕರಗದೆ ಉಳಿಯುವುದೂ ಅದು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆಯನ್ನು ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ ಬಂತು. ಹಾಗಿದ್ದೂ ಕಾಗದದ ಮುಖ ಹೊತ್ತು ಅದೇ ಪ್ಲಾಸ್ಟಿಕ್ ನಮ್ಮ ಪಡಸಾಲೆಗೆ ಬರುತ್ತಿದೆ.

ಇದರಲ್ಲಿ ಆನೆಗೊಂದಿಯವರಾದ ನಮ್ಮದೇ ಒಂದು ತಮಾಷೆ ಇದೆ. ಊರ ಸುತ್ತ ಬಾಳೆ ತೋಟ. ಬಾಳೆ ದಿಂಡಿನ ನಾರು ತೆಗೆದು ಬುಟ್ಟಿ, ಚೀಲ, ಚಾಪೆ ಹೆಣೆಯುವ ಕಸುಬು ಕಿಷ್ಕಿಂದಾ ಟ್ರಸ್ಟ್ ಮೂಲಕ ಇಲ್ಲಿನ ಹೆಣ್ಣುಮಕ್ಕಳ ಕೈ ಹಿಡಿದಿದೆ. ನಮ್ಮೂರ ನಾರು ಪಟ್ಟಣದವರ ಮನೆ ಸೇರುತ್ತದೆ. ಹಂಪಿ ನೋಡಲು ಬಂದವರಿಗೆ ಬಾಳೆ ಎಲೆ ಊಟ ಅಂದರೆ ಅದಕ್ಕೇ ಒಂದು ದರ. ಸ್ವಂತ ಬೀಗರಿಗೆ ಮಾತ್ರ ಬಾಗುವ ಪ್ಲೇಟು.

ಹಾಗಂತ ಎಲ್ಲದಕ್ಕೂ ಬಾಳೆ ಎಲೆಯೇ ಆಗಲಿ ಅಂತ ನಾನು ಹೇಳುವುದಿಲ್ಲ. ನಮ್ಮದು ರೊಟ್ಟಿ ಊಟ. ಖಡಕ್ ರೊಟ್ಟಿ ಮುರಿಯಲು, ಪಲ್ಯದ ಜೊತೆ ಶೇಂಗಾ ಹಿಂಡಿಗೆ ಮೊಸರು ಕಲಸಲು ಅಂಚಿರುವ ತಾಟೇ ಸರಿ. ಎಲೆ ಮೇಲೆ ಮೊಸರು ಹರಿದು ಮಡಿಲಿಗೆ ಬರುತ್ತದೆ. ಹೋಳಿಗೆ, ಅನ್ನ, ಕೋಸಂಬರಿಗೆ ಎಲೆ ಚೆಂದ. ಆದರೆ ಎಲೆ ಹಾಕಿದರೆ ಎಲ್ಲರೂ ನೆಲಕ್ಕೆ ಕೂರಬೇಕು, ಮಂಡಿ ನೋವಿನ ಹಿರಿಯರಿಗೆ ಅದು ಶಿಕ್ಷೆ. ಅಂಥವರಿಗೆ ಅಜ್ಜಿಯ ಕಾಲದ ಅಡ್ಡಣಿಗಿ ಇದ್ದರೆ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಒಂದು ಮೇಜು ಹಾಕಿ. ಹಿತ್ತಾಳೆ ಗಂಗಾಳ ತೋರಿಸಲು ಆಸೆಯಾದರೆ ಮೊದಲು ಕಲಾಯಿ ನೋಡಿ. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಸಾರು, ಮೊಸರು ಕಿಲುಬುತ್ತದೆ. ಹೂವಿನ ಚಿತ್ರದ ಮೆಲಮೈನ್ ತಟ್ಟೆ ನೋಡಲು ಗಾಜಿನಂತೆ ಇರುತ್ತದೆ, ಕುದಿಯುವ ಹುಳಿ ಪದಾರ್ಥಕ್ಕೆ ಅದು ಬೇಡ. ಒಟ್ಟಿನಲ್ಲಿ ಹೊಸದಾಗಿ ಏನೂ ಕೊಳ್ಳುವುದು ಬೇಡ. ನಮ್ಮಲ್ಲಿ ಮದುವೆಗೆ, ಮನೆ ಶಾಂತಿಗೆ ಉಡುಗೊರೆಯಾಗಿ ಬಂದ ಸ್ಟೀಲಿನ ತಾಟು ಹೆಸರು ಕೊರೆಸಿಕೊಂಡು ಅಟ್ಟದಲ್ಲಿ ದೂಳು ತಿನ್ನುತ್ತಿವೆ.

ಆದರೆ ಅವ್ವನ ಪ್ರಶ್ನೆ ಇನ್ನೂ ಅಲ್ಲೇ ಇದೆ. ತಾಟು ಇಳಿಸುವುದು ಸುಲಭ. ಊಟದ ನಂತರ ಅವುಗಳ ಗತಿ?

ಪರಿಸರದ ಬಗ್ಗೆ ಮಾತಾಡುವ ನಾವು ಇಲ್ಲೇ ಎಡವುತ್ತೇವೆ. ಬಿಸಾಡುವ ಪ್ಲೇಟು ನಮ್ಮ ಮನೆಗೆ ಬಂದದ್ದು ಶೋಕಿಗೆ ಅಲ್ಲ. ಬೆಳಗಿನ ಐದಕ್ಕೆ ಎದ್ದು ಅಡಿಗೆ ಮಾಡಿ, ಎಲ್ಲರಿಗೂ ಬಡಿಸಿ, ಕೊನೆಗೆ ತಳದ ಸಾರು ಬಳಿದು ಉಂಡ ಹೆಂಗಸರಿಗೆ, ಕತ್ತಲಾಗುವವರೆಗೆ ಕೂತು ತಿಕ್ಕುವ ಕೆಲಸ ಒಂದನ್ನಾದರೂ ಅದು ತಪ್ಪಿಸಿತು. ಅವರಿಂದ ಅದನ್ನು ಕಸಿದುಕೊಂಡು "ಸ್ಟೀಲ್ ಬಳಸಿ" ಎಂದು ಬುದ್ಧಿ ಹೇಳುವ ಹಕ್ಕು, ಪಾತ್ರೆ ತಿಕ್ಕದ ಗಂಡಸರಿಗೆ ಇಲ್ಲ. ನನಗೂ ಇರಲಿಲ್ಲ.

ಹೊಳೆ ದಾಟಿ ಹಂಪಿಗೆ ಹೋದಾಗ ಭೋಜನಶಾಲೆ ಎಂದು ಕರೆಯುವ ಜಾಗ ನೋಡಿ. ಕಾಲುವೆಯ ಎರಡೂ ಬದಿ ಸಾಲಾಗಿ ಕಲ್ಲಿನ ತಟ್ಟೆಗಳು. ಅನ್ನಕ್ಕೊಂದು ದೊಡ್ಡ ಗುಳಿ, ಪಲ್ಯ ಸಾರಿಗೆ ಚಿಕ್ಕ ಗುಳಿ. ಎಲ್ಲರೂ ತಟ್ಟೆಯ ಫೋಟೊ ತೆಗೆಯುತ್ತಾರೆ. ನನ್ನ ಕಣ್ಣು ಹೋದದ್ದು ಕಾಲುವೆಯ ಕಡೆ. ಉಂಡ ಜಾಗದ ಮಗ್ಗುಲಲ್ಲೇ ತೊಳೆಯುವ ನೀರು. ನಮ್ಮ ಮನೆಗಳಲ್ಲಿ ಊಟ ಪಡಸಾಲೆಯಲ್ಲಿ, ನೀರು ಹಿತ್ತಲಲ್ಲಿ, ನಡುವೆ ಎಂಜಲು ತಾಟು ಹೊತ್ತು ಓಡಾಡುವವಳು ಸೊಸೆ.

ಬೀಗರು ತಮ್ಮ ತಾಟು ತಾವು ಎತ್ತಬಾರದು ಅನ್ನುವುದು ನಮ್ಮ ಕಡೆಯ ಮರ್ಯಾದೆ. ಇರಲಿ. ಆ ಮನೆಯ ಗಂಡಸರು ಎತ್ತಬಾರದು ಅಂತ ಯಾರೂ ಹೇಳಿಲ್ಲ. ಮಠದ ಪ್ರಸಾದ ನಿಲಯದಲ್ಲೋ ಸರ್ಕಾರಿ ಹಾಸ್ಟೆಲಿನಲ್ಲೋ ಓದಿದ ನಮ್ಮಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ನಮ್ಮ ತಾಟು ನಾವೇ ತೊಳೆದವರು. ಊರ ಬಸ್ಸು ಹತ್ತಿದ ಕೂಡಲೇ ಆ ವಿದ್ಯೆ ಮರೆತುಹೋಗುತ್ತದೆ. ಬಡಿಸುವುದೂ ಅಷ್ಟೆ. ಮದುವೆ ಪಂಕ್ತಿಯಲ್ಲಿ ಬಕೆಟ್ಟು ಹಿಡಿದು "ಅನ್ನಾ, ಸಾರಾ" ಎಂದು ಕೂಗುತ್ತ ಓಡುವ ಹುಡುಗರು ಮನೆಯಲ್ಲಿ ಒಂದು ಸೌಟು ಮುಟ್ಟುವುದಿಲ್ಲ. ಮೊದಲ ಸಾಲಿಗೆ ಗಂಡಸರು ಬಡಿಸಿ, ಎರಡನೇ ಸಾಲಿಗೆ ಅಡಿಗೆ ಮಾಡಿದವರನ್ನು ಕೂರಿಸಿ ಬಿಸಿ ಹೋಳಿಗೆ ಹಾಕಿದರೆ ಏನು ಕಳೆದುಹೋಗುತ್ತದೆ?

ನೂರು ಮಂದಿಯ ಊಟಕ್ಕೆ ಇದು ಸಾಲದು ಅನ್ನುವುದು ನಿಜ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಒದಗಿಸುವ ಪ್ಲೇಟ್ ಬ್ಯಾಂಕ್ ನಡೆಸುತ್ತಿದೆ. ನಮಗೆ ಅದು ಹೊಸದಲ್ಲ, ಗುಡಿಯ ಸಾಮಾನು ಎಂದು ಹಂಡೆ, ಬೋಗಾಣಿ, ಪರಾತ ಕೊಡುವ ರೂಢಿ ಅನೇಕ ಊರುಗಳಲ್ಲಿ ಇದೆ. ಅದಕ್ಕೆ ಇನ್ನೂರು ತಾಟು, ಇನ್ನೂರು ಗಿಲಾಸು ಸೇರಿಸಬಹುದು. ಸ್ತ್ರೀಶಕ್ತಿ ಸಂಘದವರು ಬಾಡಿಗೆಗೆ ಕೊಟ್ಟರೆ ಸಂಘಕ್ಕೂ ನಾಲ್ಕು ಕಾಸು. ಆದರೆ ತಿಕ್ಕುವ ಕೂಲಿಯನ್ನು ಬಾಡಿಗೆಯಲ್ಲೇ ಸೇರಿಸಿ ಅದನ್ನು ತಿಕ್ಕಿದವರ ಕೈಗೇ ಕೊಡಬೇಕು. ಇಲ್ಲದಿದ್ದರೆ ಅದೂ ಹೆಂಗಸರ ಪುಕ್ಕಟೆ ಸೇವೆಯಾಗುತ್ತದೆ.

ಯುಗಾದಿಗೆ ಬೀಗರು ಮತ್ತೆ ಬಂದರು. ಅಟ್ಟದ ತಾಟು ಇಳಿಸಿದೆ. ಅಪ್ಪ ಬಡಿಸಿದ, ಬೀಗರು ಮೊದಲು ನಾಚಿಕೊಂಡು ಆಮೇಲೆ ಎರಡು ಹೋಳಿಗೆ ಜಾಸ್ತಿ ಹಾಕಿಸಿಕೊಂಡರು. ಹಿತ್ತಲಲ್ಲಿ ಕೂತು 14 ತಾಟು, 28 ಬಟ್ಟಲು, ಅಷ್ಟೂ ಗಿಲಾಸು ತಿಕ್ಕಲು ನನಗೆ ಮುಕ್ಕಾಲು ತಾಸು ಹಿಡಿಯಿತು. ಸೊಂಟ ಹಿಡಿದುಕೊಂಡಿತು. ಅವ್ವ ಬಂದು ಒಂದು ತಾಟಿನ ಮೇಲೆ ಬೆರಳು ಎಳೆದು ನೋಡಿದಳು.

"ತುಪ್ಪದ ಜಿಡ್ಡು ಹಂಗ ಐತಲ್ಲೋ. ಬಿಸಿನೀರು ಹಾಕಿ ಇನ್ನೊಮ್ಮೆ ತಿಕ್ಕು" ಎಂದು ಹೇಳಿ ಒಳಗೆ ಹೋಗಿ ಮಲಗಿದಳು.