ಮುಖದ ಕೆಳಗಿನ ಸಾಲು

ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿ ಸಾವಿರಾರು ಚೀನೀಯರ ಭಾವಚಿತ್ರಗಳಿವೆ. ಅವನ್ನು ಯಾವ ಕಲಾವಿದನೂ ತೆಗೆಸಿದ್ದಲ್ಲ. ಒಂದು ಎದುರಿನಿಂದ, ಇನ್ನೊಂದು ಪಕ್ಕದಿಂದ. ಹಿಂಬದಿಯಲ್ಲಿ ಅಂಗೈಯ ಮಸಿಮುದ್ರೆ. ನಮ್ಮ ಠಾಣೆಗಳಲ್ಲಿ ರೌಡಿ ಪಟ್ಟಿಗೆಂದು ತೆಗೆಯುವ ಫೋಟೊಗಳ ಹಾಗೆಯೇ. ಇವರು ಮಾಡಿದ ತಪ್ಪೇನೆಂದರೆ, ಒಮ್ಮೆ ಊರಿಗೆ ಹೋಗಿ ಹಿಂತಿರುಗಬೇಕೆಂದು ಬಯಸಿದ್ದು. 1901ರ ವಲಸೆ ನಿರ್ಬಂಧ ಕಾಯ್ದೆಯ ಪ್ರಕಾರ ದೇಶದೊಳಗೆ ಕಾಲಿಡುವವರಿಗೆ ಐರೋಪ್ಯ ಭಾಷೆಯೊಂದರಲ್ಲಿ ಐವತ್ತು ಪದಗಳ ಉಕ್ತಲೇಖನ ಕೊಡಬಹುದಿತ್ತು. ಭಾಷೆ ಯಾವುದೆಂಬುದು ಅಧಿಕಾರಿಯ ಮರ್ಜಿ. ಯಾರೂ ಪಾಸಾಗಬಾರದೆಂದೇ ಇಟ್ಟ ಪರೀಕ್ಷೆ ಅದು. ಅಲ್ಲೇ ಹತ್ತಾರು ವರ್ಷ ತರಕಾರಿ ಬೆಳೆದವನು, ಬಡಗಿ, ಅಂಗಡಿಯವನು, ಯಾರೇ ಇರಲಿ, ಚೀನಾಕ್ಕೆ ಹೋಗಿಬರಬೇಕಾದರೆ ಆ ಪರೀಕ್ಷೆಯಿಂದ ವಿನಾಯಿತಿ ಕೊಡುವ ಪತ್ರ ಕೈಯಲ್ಲಿರಬೇಕಿತ್ತು. ಫೋಟೊ ಅದಕ್ಕಾಗಿ.

ಚಿತ್ರದಲ್ಲಿನ ಮುಖ ಅವರದು, ಕೆಳಗಿನ ಬರಹ ಸರ್ಕಾರದ್ದು. ಚೀನೀ ಮೂಲದ ಸಲಿಂಗಿ ಛಾಯಾಗ್ರಾಹಕರ ಭಾವಚಿತ್ರಗಳು ಎದುರಾದಾಗಲೆಲ್ಲ ನಾನು ಮೊದಲು ಹುಡುಕುವುದು ಇದನ್ನೇ: ಆ ಮುಖದ ಕೆಳಗಿನ ಸಾಲನ್ನು ಬರೆದವರು ಯಾರು?

ಅಂಥವರಲ್ಲೊಬ್ಬರಾದ ವಿಲಿಯಂ ಯಾಂಗ್ ಹುಟ್ಟಿದ್ದು 1943ರಲ್ಲಿ, ಉತ್ತರ ಕ್ವೀನ್ಸ್‌ಲೆಂಡಿನ ಮರೀಬಾದಲ್ಲಿ. ಬೆಳೆದದ್ದು ಹತ್ತಿರದ ಡಿಂಬುಲಾದ ತಂಬಾಕು ಹೊಲಗಳ ನಡುವೆ. ಅಪ್ಪನ ಮಾತು ಹಕ್ಕಾ, ಅಮ್ಮನದು ಕ್ಯಾಂಟನೀಸ್. ಮನೆಯಲ್ಲಿ ನಡೆಯುತ್ತಿದ್ದದ್ದು ಇಂಗ್ಲಿಷ್. ಮಕ್ಕಳು ಬಿಳಿಯರ ನಡುವೆ ಬಿಳಿಯರಂತೆಯೇ ಬೆರೆತುಹೋಗಲಿ ಎಂಬುದು ಅಮ್ಮನ ಹಂಬಲ. ಆರು ವರ್ಷದ ಹುಡುಗನನ್ನು ಶಾಲೆಯಲ್ಲಿ ಇನ್ನೊಂದು ಮಗು ‘ಚೀನೀಯ’ ಎಂದು ಪ್ರಾಸ ಕಟ್ಟಿ ಹಂಗಿಸಿದಾಗ ಅವನಿಗೆ ಅರ್ಥವೇ ಆಗಲಿಲ್ಲ. ಮನೆಗೆ ಬಂದು, ನಾನು ಚೀನೀಯನಲ್ಲ ತಾನೆ ಎಂದು ಕೇಳಿದ. ಹೌದು, ನೀನು ಚೀನೀಯನೇ ಎಂದಳು ಅಮ್ಮ. ಅವಳ ದನಿ ಗಟ್ಟಿಯಾಗಿತ್ತು. ಅಭ್ಯಾಸ ಮಾಡಿಕೋ ಎಂದ ಅಣ್ಣ. ತಾನು ಯಾರೆಂಬುದು ಒಂದು ಕಾಯಿಲೆಯ ಸುದ್ದಿಯಂತೆ ಆ ಮಗುವಿಗೆ ತಿಳಿಯಿತು.

1969ರಲ್ಲಿ ಯಾಂಗ್ ಸಿಡ್ನಿ ಸೇರಿದರು. ವಾಸ್ತುಶಿಲ್ಪ ಓದಿದ್ದರೂ ನಾಟಕ ಬರೆಯುವ ಆಸೆ. ಹೊಟ್ಟೆಪಾಡಿಗೆ ಕ್ಯಾಮೆರಾ ಹಿಡಿದರು. ಪಾರ್ಟಿಗಳು, ನಟನಟಿಯರು, ಪೇಂಟರುಗಳು, ನೊಬೆಲ್ ಪಡೆದ ಕಾದಂಬರಿಕಾರ ಪ್ಯಾಟ್ರಿಕ್ ವೈಟ್, ಜೊತೆಗೆ ತಮ್ಮದೇ ಲೋಕದ ಗೇ ಗೆಳೆಯರು. 1977ರ ‘ಸಿಡ್ನಿಫೈಲ್ಸ್’ ಪ್ರದರ್ಶನದಲ್ಲಿ ಇದೆಲ್ಲ ಒಂದೇ ಗೋಡೆಗೆ ಬಂದಾಗ ಊರು ಕಣ್ಣರಳಿಸಿತು. ಸಲಿಂಗಿ ಎಂದು ಹೇಳಿಕೊಳ್ಳುವ ಧೈರ್ಯ ಅವರಿಗೆ ಬಂದಿತ್ತು. ಚೀನೀಯ ಎಂದು ಹೇಳಿಕೊಳ್ಳುವ ಧೈರ್ಯ ಬರಲು ಇನ್ನೂ ಕೆಲವು ವರ್ಷ ಬೇಕಾದವು. ಆರಂಭದ ಆ ಪಾರ್ಟಿ ಚಿತ್ರಗಳಲ್ಲಿ ಏಷ್ಯಾದ ಮುಖಗಳು ವಿರಳ.

ಅದೇ ಹೊತ್ತಿಗೆ ಸಿಡ್ನಿಯಲ್ಲಿ ಇನ್ನೊಂದು ಬಗೆಯ ಪಟ್ಟಿ ಅಚ್ಚಾಯಿತು. 1978ರ ಜೂನ್ 24ರ ರಾತ್ರಿ, ಸಲಿಂಗಿಗಳ ಮೊದಲ ಮಾರ್ಡಿ ಗ್ರಾ ಮೆರವಣಿಗೆಯಲ್ಲಿ, ಪೊಲೀಸರು 53 ಜನರನ್ನು ಬಂಧಿಸಿದರು. ಸಿಡ್ನಿ ಮಾರ್ನಿಂಗ್ ಹೆರಾಲ್ಡ್ ಪತ್ರಿಕೆ ಬಂಧಿತರ ಹೆಸರು, ವಿಳಾಸ, ಉದ್ಯೋಗ ಎಲ್ಲವನ್ನೂ ಪ್ರಕಟಿಸಿತು. ಕೆಲಸ ಹೋದವರಿದ್ದಾರೆ, ಮನೆಯವರಿಂದ ದೂರವಾದವರಿದ್ದಾರೆ. ಗಂಡಸರ ನಡುವಿನ ಸಂಬಂಧ ಸಿಡ್ನಿ ಇರುವ ರಾಜ್ಯದಲ್ಲಿ ಅಪರಾಧವಲ್ಲವೆಂದಾದದ್ದು 1984ರಲ್ಲಿ. ಯಾಂಗ್ ಹುಟ್ಟಿದ ಕ್ವೀನ್ಸ್‌ಲೆಂಡಿನಲ್ಲಿ 1990ರವರೆಗೂ ಕಾಯಬೇಕಾಯಿತು. ಪತ್ರಿಕೆ ಕ್ಷಮೆ ಕೇಳಿದ್ದು 2016ರಲ್ಲಿ.

1983ರಲ್ಲಿ ವಿಲಿಯಂ, ಯಂಗ್ ಎಂದು ಇಂಗ್ಲಿಷಿಗೆ ಒಗ್ಗಿಹೋಗಿದ್ದ ಕುಲನಾಮವನ್ನು ಯಾಂಗ್ ಎಂದು ಬದಲಿಸಿಕೊಂಡರು. ತಾವೋ ಚಿಂತನೆಯ ಕಡೆಗೆ ಹೊರಳಿದ್ದೂ ಆ ಕಾಲದಲ್ಲೇ. ಆಮೇಲಿನ ಕೆಲಸವೇ ನನಗೆ ಮುಖ್ಯ. ಯಾಂಗ್ ಫೋಟೊದ ಮೇಲೆಯೇ, ಪ್ರಿಂಟಿನ ಮೇಲೆಯೇ, ಕೈಬರಹದಲ್ಲಿ ಬರೆಯತೊಡಗಿದರು. ಇದು ಯಾರು, ನನಗೆ ಏನಾಗಬೇಕು, ಆ ದಿನ ಏನು ಮಾತಾಯಿತು ಎಂದೆಲ್ಲ. ಶುದ್ಧ ಛಾಯಾಗ್ರಹಣದ ಪಂಡಿತರು ಇದನ್ನು ಒಪ್ಪಲಾರರು. ಚಿತ್ರ ತಾನೇ ಮಾತಾಡಬೇಕು ಎನ್ನುತ್ತಾರೆ. ಚಿತ್ರ ತಾನೇ ಮಾತಾಡುವುದಾಗಿದ್ದರೆ ಪತ್ರಾಗಾರದ ಆ ಸಾವಿರಾರು ಮುಖಗಳು ಇಷ್ಟು ಹೊತ್ತಿಗೆ ಮಾತಾಡಿರುತ್ತಿದ್ದವು.

1992ರಲ್ಲಿ ಯಾಂಗ್ ರಂಗದ ಮೇಲೆ ನಿಂತು, ಸ್ಲೈಡುಗಳನ್ನು ತೋರಿಸುತ್ತ, ‘ಸ್ಯಾಡ್‌ನೆಸ್’ ಎಂಬ ಏಕವ್ಯಕ್ತಿ ಕಥನವನ್ನು ಮಂಡಿಸಿದರು. ಅದರಲ್ಲಿ ಎರಡು ಎಳೆ. ಒಂದು, ಏಡ್ಸ್‌ನಿಂದ ಒಬ್ಬೊಬ್ಬರಾಗಿ ಸಾಯುತ್ತಿದ್ದ ಸಿಡ್ನಿಯ ಗೆಳೆಯರು. ಅವರಲ್ಲಿ ಅಲನ್ ಎಂಬಾತನ ಚಿತ್ರಸರಣಿಯನ್ನು ನೋಡಿದವರು ಮರೆಯಲಾರರು: ಆಸ್ಪತ್ರೆಯ ಹಾಸಿಗೆ, ಸೊರಗುತ್ತ ಹೋದ ದೇಹ, ನಡುವೆ ಚೇತರಿಕೆಯ ಒಂದಷ್ಟು ದಿನ, ಮತ್ತೆ ಇಳಿತ, ಕೊನೆಗೆ ನಿಂತ ಉಸಿರು. ಸಾಯುವವನ ಎದುರು ಕ್ಯಾಮೆರಾ ಎತ್ತುವುದು ಸರಿಯೇ? ಬೇರೆಯವರ ವಿಷಯದಲ್ಲಾದರೆ ಸರಿಯಲ್ಲ ಎಂದೇ ಹೇಳುತ್ತಿದ್ದೆ. ಇಲ್ಲಿ ಹಾಗೆ ಹೇಳಲಾರೆ, ಏಕೆಂದರೆ ಪ್ರತಿ ಚಿತ್ರದ ಬಳಿ ಬರೆದವನ ಕೈಯಿದೆ. ಅವನು ಹಾಸಿಗೆಯ ಪಕ್ಕ ಕೂತವನು, ಒಮ್ಮೆ ಪ್ರೀತಿಸಿದವನು.

ಇನ್ನೊಂದು ಎಳೆ ಉತ್ತರದ ಕಬ್ಬಿನ ಗದ್ದೆಗಳದ್ದು. ಯಾಂಗ್ ಅವರ ತಾಯಿಯ ಸೋದರಿಯ ಗಂಡ ವಿಲಿಯಂ ಫಾಂಗ್ ಯುವೆನ್ ಜಮೀನುದಾರ. 1922ರಲ್ಲಿ ಅವನನ್ನು ಅವನದೇ ಜಮೀನಿನ ಬಿಳಿಯ ಮ್ಯಾನೇಜರ್ ಗುಂಡಿಟ್ಟು ಕೊಂದ. ನ್ಯಾಯಾಲಯ ಆರೋಪಿಯನ್ನು ಬಿಡುಗಡೆ ಮಾಡಿತು. ಮನೆಯವರು ಅದರ ಬಗ್ಗೆ ಬಾಯಿಬಿಡದೆ ದಶಕಗಳನ್ನು ಕಳೆದರು. ಯಾಂಗ್ ಆ ಊರುಗಳಿಗೆ ಹೋಗಿ, ವಯಸ್ಸಾದ ನೆಂಟರನ್ನು ಕೂರಿಸಿ ಫೋಟೊ ತೆಗೆದು, ಕೇಳಿ ಬರೆದುಕೊಂಡರು. ಸಿಡ್ನಿಯ ಸಾವುಗಳಿಗೂ ಗದ್ದೆಯ ಕೊಲೆಗೂ ಏನು ಸಂಬಂಧ ಎಂದು ಯಾಂಗ್ ಬಿಡಿಸಿ ಹೇಳುವುದಿಲ್ಲ. ಒಂದರ ಪಕ್ಕ ಒಂದನ್ನು ಇಡುತ್ತಾರೆ, ಅಷ್ಟೆ. ಎರಡೂ ಕಡೆ ಮನೆಯವರು ನಾಚಿಕೆಯಿಂದ ಮುಚ್ಚಿಟ್ಟದ್ದು ಇತ್ತು, ಎರಡೂ ಕಡೆ ಸತ್ತವರ ಬಗ್ಗೆ ದೇಶಕ್ಕೆ ಅಂಥ ಕಾಳಜಿ ಇರಲಿಲ್ಲ.

ಗೇ ಲೋಕವಾದರೂ ಏಷ್ಯಾ ಮೂಲದವರನ್ನು ಬಾಚಿ ತಬ್ಬಿಕೊಂಡಿತೇ? ಇಲ್ಲ. ಮಕಾವ್‌ನಲ್ಲಿ ಹುಟ್ಟಿದ ಆಸ್ಟ್ರೇಲಿಯಾದ ನಿರ್ದೇಶಕ ಟೋನಿ ಏಯರ್ಸ್ 1997ರಲ್ಲಿ ‘ಚೈನಾ ಡಾಲ್ಸ್’ ಎಂಬ ಸಾಕ್ಷ್ಯಚಿತ್ರವನ್ನೇ ಮಾಡಿದರು: ಏಷ್ಯಾದ ಗಂಡಸು ಅಲ್ಲಿನ ಬಾರುಗಳಲ್ಲಿ ಒಂದೋ ಕಣ್ಣಿಗೇ ಬೀಳದವನು, ಇಲ್ಲವೇ ಬೊಂಬೆ. ಮುಂದೆ ಡೇಟಿಂಗ್ ಆ್ಯಪ್‌ಗಳು ಬಂದಾಗ ‘ಏಷ್ಯಾದವರು ಬೇಡ’ ಎಂದು ಪ್ರೊಫೈಲಿನಲ್ಲೇ ಬರೆದುಕೊಳ್ಳುವುದು ಮಾಮೂಲಾಯಿತು. ಜನಾಂಗ ನೋಡಿ ಸೋಸುವ ಸೌಲಭ್ಯವನ್ನು ತೆಗೆಯುವುದಾಗಿ ಗ್ರೈಂಡರ್ ಆ್ಯಪ್ ಘೋಷಿಸಿದ್ದು 2020ರಲ್ಲಿ. ತುಳಿಸಿಕೊಂಡವರು ಇನ್ನೊಬ್ಬರನ್ನು ತುಳಿಯುವುದಿಲ್ಲ ಎಂಬ ನಂಬಿಕೆ ಚಂದ. ಅದಕ್ಕೆ ಆಧಾರ ಮಾತ್ರ ಕಡಿಮೆ.

ಯಾಂಗ್ ಮೆಲುದನಿಯವರಾದರೆ, ನ್ಯೂಯಾರ್ಕಿನ ಛಾಯಾಗ್ರಾಹಕ ತ್ಸೆಂಗ್ ಕ್ವಾಂಗ್ ಚಿ ಕೀಟಲೆಯವರು. ಹಾಂಗ್‌ಕಾಂಗ್‌ನಲ್ಲಿ 1950ರಲ್ಲಿ ಹುಟ್ಟಿ, ಕೆನಡಾ, ಪ್ಯಾರಿಸ್ ದಾಟಿ 1978ರಲ್ಲಿ ಅಲ್ಲಿಗೆ ಬಂದರು. ತಂದೆತಾಯಿ ಊಟಕ್ಕೆಂದು ವರ್ಲ್ಡ್ ಟ್ರೇಡ್ ಸೆಂಟರಿನ ಮೇಲ್ಮಹಡಿಯ ದುಬಾರಿ ಹೋಟೆಲಿಗೆ ಕರೆದಾಗ, ಹಳೇ ಬಟ್ಟೆ ಅಂಗಡಿಯಿಂದ ಕೊಂಡಿದ್ದ ಮಾವೋ ಕೋಟು ತೊಟ್ಟು ಹೋದರು. ಕಮ್ಯುನಿಸ್ಟರಿಂದ ತಪ್ಪಿಸಿಕೊಂಡು ಬಂದಿದ್ದ ಹೆತ್ತವರಿಗೆ ಗಾಬರಿ. ಹೋಟೆಲಿನವರು ಮಾತ್ರ ಯಾರೋ ದೊಡ್ಡ ರಾಯಭಾರಿ ಎಂದು ಬಗೆದು ಉಪಚರಿಸಿದರು. ಅಲ್ಲಿಂದ ಶುರುವಾಯಿತು ನೋಡಿ, ತಮ್ಮದೇ ಫೋಟೊ ತೆಗೆದುಕೊಳ್ಳುವ ಆಟ. ಅದೇ ಕೋಟು, ಕಪ್ಪು ಕನ್ನಡಕ, ಎದೆಯ ಮೇಲೆ ಗುರುತಿನ ಬಿಲ್ಲೆ, ಕೈಯಲ್ಲಿ ಕ್ಯಾಮೆರಾದ ಕೇಬಲ್. ಹಿಂದೆ ಸ್ವಾತಂತ್ರ್ಯ ದೇವಿಯ ಪ್ರತಿಮೆ, ಡಿಸ್ನಿಲ್ಯಾಂಡ್, ಐಫೆಲ್ ಗೋಪುರ. ಚೀನೀ ಮುಖ ಕಂಡೊಡನೆ ನೋಡುವವರ ತಲೆಯಲ್ಲಿ ಏನು ಹುಟ್ಟುತ್ತದೋ ಅದನ್ನೇ ವೇಷವಾಗಿ ತೊಟ್ಟರು. ಬಿಲ್ಲೆಯನ್ನು ತಾವೇ ನೇತುಹಾಕಿಕೊಂಡರು. 1981ರಲ್ಲಿ ಜೆರ್ರಿ ಫಾಲ್ವೆಲ್‌ರಂಥ ಸಲಿಂಗ ವಿರೋಧಿ ಬಲಪಂಥೀಯ ನಾಯಕರನ್ನು ಸುಕ್ಕುಸುಕ್ಕಾದ ಅಮೆರಿಕದ ಬಾವುಟದ ಮುಂದೆ ನಿಲ್ಲಿಸಿ ಫೋಟೊ ತೆಗೆದರು. ಆ ನಾಯಕರು ಗಂಭೀರವಾಗಿ ಪೋಸು ಕೊಟ್ಟರು.

ತ್ಸೆಂಗ್ ತೀರಿಕೊಂಡದ್ದು 1990ರ ಮಾರ್ಚ್‌ನಲ್ಲಿ, ಏಡ್ಸ್‌ನಿಂದ, 39ರ ವಯಸ್ಸಿನಲ್ಲಿ. ಸಲಿಂಗಿ ವಿದೇಶಿಯರಿಗೆ ಪ್ರವೇಶವಿಲ್ಲ ಎಂಬ ನಿಯಮವನ್ನು ಅಮೆರಿಕ ತನ್ನ ವಲಸೆ ಕಾಯ್ದೆಯಿಂದ ತೆಗೆದದ್ದು ಅದೇ ವರ್ಷದ ನವೆಂಬರ್‌ನಲ್ಲಿ.

ಈ ತಲೆಮಾರಿನ ಛಾಯಾಗ್ರಾಹಕ ಗುವಾನ್ಯು ಶು ಶಿಕಾಗೋದಲ್ಲಿ ನೆಲೆಸಿದವರು. 2018-19ರಲ್ಲಿ ಬೀಜಿಂಗಿನ ಮನೆಗೆ ಹೋದಾಗ, ಹೆತ್ತವರು ಹೊರಗೆ ಹೋದ ಹೊತ್ತು ನೋಡಿ, ತಮ್ಮ ಸಲಿಂಗ ಬದುಕಿನ ಚಿತ್ರಗಳನ್ನು ಗೋಡೆ, ಬಾಗಿಲು, ಮಂಚದ ಮೇಲೆಲ್ಲ ಹರಡಿ, ಫೋಟೊ ತೆಗೆದು, ಅವರು ಬರುವಷ್ಟರಲ್ಲಿ ಎಲ್ಲವನ್ನೂ ಕಳಚಿಟ್ಟರು. ತಂದೆ ಸೇನೆಯಲ್ಲಿದ್ದವರು.

ಈಗ ಇವರೆಲ್ಲ ದೊಡ್ಡ ಗ್ಯಾಲರಿಗಳ ಗೋಡೆಯಲ್ಲಿದ್ದಾರೆ. ಪಕ್ಕದಲ್ಲಿ ಕ್ಯುರೇಟರ್ ಬರೆದ ಚೀಟಿ: ಜನಾಂಗ, ಲೈಂಗಿಕತೆ, ವಲಸೆ, ಅಸ್ಮಿತೆ. ಒಳ್ಳೆಯ ಉದ್ದೇಶವೇ ಇರಬಹುದು. ಆದರೂ ಎರಡು ಸಾಲಿನಲ್ಲಿ ಒಬ್ಬ ಮನುಷ್ಯನನ್ನು ಮುಗಿಸುವ ಆ ಆತುರ, ವಿನಾಯಿತಿ ಪತ್ರ ತುಂಬುತ್ತಿದ್ದ ಗುಮಾಸ್ತನಿಗೂ ಇತ್ತು.

ನಮ್ಮ ಪತ್ರಿಕೆ, ಟಿವಿಗಳ ಡೆಸ್ಕಿನಲ್ಲಿ ಕೂತ ಗೆಳೆಯರಿಗೆ ಒಂದು ಮಾತು. ಲೈಂಗಿಕ ಅಲ್ಪಸಂಖ್ಯಾತರ ಸುದ್ದಿಗೆ ನಾವು ಬಳಸುವ ಚಿತ್ರ ಹೆಚ್ಚಾಗಿ ಎರಡೇ ಬಗೆಯದು: ಬೆನ್ನು ತಿರುಗಿಸಿ ನಿಂತವರದು, ಇಲ್ಲವೇ ಪೊಲೀಸ್ ದಾಳಿಯಲ್ಲಿ ಮುಖ ಮುಚ್ಚಿಕೊಂಡು ಓಡುವವರದು. ಮುಂದಿನ ಸಲ ಅಂಥ ಸುದ್ದಿ ಬಂದಾಗ ಆ ವ್ಯಕ್ತಿಗೆ ಒಂದು ಫೋನ್ ಮಾಡಿ. ಯಾವ ಚಿತ್ರ ಹಾಕಲಿ, ಹೆಸರು ಹಾಕಲೇ ಬೇಡವೇ, ಕೆಳಗೆ ಏನೆಂದು ಬರೆಯಲಿ ಎಂದು ಕೇಳಿ. ಬೇಡ ಎಂದರೆ ಚಿತ್ರವಿಲ್ಲದೆಯೇ ಸುದ್ದಿ ಹಾಕಿ.